ಬಾಲ್‌ಬೆಕ್‌ನ 800 ಟನ್ ಕಲ್ಲುಗಳು: ಯಾರು ತಂದರು, ಹೇಗೆ ತಂದರು?

ಹಂಪೆಪ್ರಿಯ

ಎಲ್ಲರಿಗೂ ನಮಸ್ಕಾರ. ಲೆಬನಾನ್ ದೇಶದ ಬೆಕಾ ಕಣಿವೆಯಲ್ಲಿರುವ ಬಾಲ್‌ಬೆಕ್ ಬಗ್ಗೆ ಇಲ್ಲಿ ಒಂದು ಗಟ್ಟಿ ಚರ್ಚೆ ಆಗಲಿ ಅಂತ ಈ ಎಳೆ ಶುರು ಮಾಡ್ತಿದ್ದೇನೆ. ರೋಮನ್ನರ ಕಾಲದಲ್ಲಿ ಆ ಊರಿಗೆ ಹೀಲಿಯೊಪೊಲಿಸ್ ಅಂತ ಹೆಸರಿತ್ತು. ಅಲ್ಲಿನ ಜುಪಿಟರ್ ದೇವಾಲಯದ ಪಶ್ಚಿಮದ ಗೋಡೆಯಲ್ಲಿ ಸಾಲಾಗಿ ಮೂರು ಕಲ್ಲುಗಳಿವೆ. ಒಂದೊಂದೂ ಸುಮಾರು 19 ಮೀಟರ್ ಉದ್ದ, 4.3 ಮೀಟರ್ ಎತ್ತರ, 3.6 ಮೀಟರ್ ದಪ್ಪ, ತೂಕ 800 ಟನ್ ಹತ್ತಿರ. ಇದಕ್ಕೆ ಟ್ರಿಲಿಥಾನ್ ಅಂತಾರೆ. ಅದೂ ನೆಲದ ಮೇಲಲ್ಲ, ಆಳೆತ್ತರಕ್ಕಿಂತ ಎಷ್ಟೋ ಮೇಲೆ, ಬೇರೆ ದೊಡ್ಡ ಕಲ್ಲುಗಳ ಸಾಲಿನ ಮೇಲೆ ಕೂತಿವೆ.

ಈಚೆಗೆ ಕನ್ನಡದಲ್ಲೂ ಈ ಕಲ್ಲುಗಳ ಬಗ್ಗೆ ವಿಡಿಯೊಗಳು ಬರ್ತಿವೆ. ಅನ್ಯಗ್ರಹದವರು ಇಳಿಯಲು ಕಟ್ಟಿದ ಕಟ್ಟೆ ಅನ್ನುವವರಿದ್ದಾರೆ, ಪ್ರಳಯಕ್ಕೂ ಮೊದಲಿನ ನಾಗರಿಕತೆಯದ್ದು ಅನ್ನುವವರಿದ್ದಾರೆ. ನನಗೆ ಈ ವಿಷಯದಲ್ಲಿ ನಿಜವಾದ ಆಸಕ್ತಿ ಇದೆ. ಕಲ್ಲಿನ ಕೆಲಸ ಗೊತ್ತಿರೋರು, ಇಂಜಿನಿಯರುಗಳು, ಇತಿಹಾಸ ಓದಿದವರು, ಅಲ್ಲಿಗೆ ಹೋಗಿ ಬಂದವರು ದಯವಿಟ್ಟು ಬರೆಯಿರಿ. ಯಾರ ಮಾತನ್ನೂ ಹೀಯಾಳಿಸೋದು ಬೇಡ.

ಕೊಡಗಿನ ಮಾಜಿ ಸೈನಿಕ

ನಾನು ನೋಡಿದ್ದೇನೆ. ವಿಶ್ವಸಂಸ್ಥೆಯ ಶಾಂತಿಪಾಲನೆಗೆ ನಮ್ಮ ಸೇನೆಯ ಒಂದು ಬೆಟಾಲಿಯನ್ 1998ರಿಂದ ದಕ್ಷಿಣ ಲೆಬನಾನಿನಲ್ಲಿದೆ. ನಾನೂ ಅಲ್ಲಿ ಡ್ಯೂಟಿ ಮಾಡಿದವನು. ರಜೆ ಸಿಕ್ಕಾಗ ನಮ್ಮಲ್ಲಿ ಕೆಲವರನ್ನು ಬಾಲ್‌ಬೆಕ್‌ಗೆ ಕರೆದುಕೊಂಡು ಹೋಗಿದ್ದರು.

ದೇವಸ್ಥಾನದ ಒಳಗೆ ಕಾಲಿಟ್ಟರೆ ಮೊದಲು ಕಣ್ಣಿಗೆ ಬೀಳೋದು ಈ ಮೂರು ಕಲ್ಲಲ್ಲ, ಆ ಆರು ಕಂಬಗಳು. ಮೊದಲು 54 ಇದ್ದವಂತೆ. 1759ರ ಭೂಕಂಪದವರೆಗೆ ಒಂಬತ್ತು ನಿಂತಿದ್ದವು, ಆಗ ಮೂರು ಬಿದ್ದವು. ಉಳಿದ ಆರೂ 20 ಮೀಟರ್ ಹತ್ತಿರ ಎತ್ತರ ಇವೆ. ಟ್ರಿಲಿಥಾನ್ ನೋಡಬೇಕಾದರೆ ಹೊರಗೆ ಬಂದು ಪಶ್ಚಿಮದ ಕಡೆಗೆ ಸುತ್ತಿಕೊಂಡು ಹೋಗಬೇಕು. ಗೋಡೆಯ ಕೆಳಗೆ ನಿಂತು ತಲೆ ಎತ್ತಿದರೆ ಅದು ಒಂದೇ ಕಲ್ಲು ಅಂತ ಮನಸ್ಸಿಗೆ ಬರೋದೇ ಇಲ್ಲ. ಸಂದು ಎಲ್ಲಿದೆ ಅಂತ ಬದಿಗೆ ಹುಡುಕಿಕೊಂಡು ಹೋದಾಗ ಮಾತ್ರ ಉದ್ದ ತಿಳಿಯುತ್ತದೆ. ನಮ್ಮ ಕೆಎಸ್ಸಾರ್ಟಿಸಿ ಬಸ್ಸು ಒಂದೂವರೆ ಸೇರಿಸಿದರೆ ಎಷ್ಟೋ ಅಷ್ಟು. ಸಂದು ಸಿಕ್ಕ ಜಾಗದಲ್ಲಿ ಉಗುರು ಇಟ್ಟು ನೋಡಿದೆವು, ಹೋಗಲಿಲ್ಲ.

ಅಲ್ಲಿಂದ ಸ್ವಲ್ಪ ದೂರದಲ್ಲಿ, ಒಂದು ಕಿಲೋಮೀಟರೂ ಇಲ್ಲ, ಕಲ್ಲು ತೆಗೆದ ಗಣಿ ಇದೆ. ಗರ್ಭಿಣಿಯ ಕಲ್ಲು ಅಂತ ಕರೆಯುವ ಇನ್ನೊಂದು ಬಂಡೆ ಅಲ್ಲೇ ಓರೆಯಾಗಿ ಬಿದ್ದಿದೆ. ಸುಮಾರು 1,000 ಟನ್. ಪೂರ್ತಿ ಚೌಕ ಮಾಡಿದ್ದಾರೆ, ಸಾಗಿಸಿಲ್ಲ. ಆ ಕಲ್ಲಿನ ಮೇಲೆ ಜನ ಹತ್ತಿ ನಿಂತು ಫೋಟೊ ತೆಗೆಸಿಕೊಳ್ತಾರೆ.

ಕಾಲಗರ್ಭ

ನಾನು ಹಳೆಯ ನಾಗರಿಕತೆಯ ವಾದವನ್ನು ನಂಬುವವನು, ಮುಚ್ಚುಮರೆ ಇಲ್ಲದೆ ಹೇಳ್ತೇನೆ. ನನ್ನ ಕಾರಣಗಳು ಇವು. ರೋಮನ್ನರು ತಮ್ಮ ಸಾಮ್ರಾಜ್ಯದಲ್ಲಿ ಬೇರೆಲ್ಲೂ 800 ಟನ್ನಿನ ಕಲ್ಲು ಕಟ್ಟಡಕ್ಕೆ ಬಳಸಿಲ್ಲ. ಅವರ ಕ್ರೇನುಗಳ ಶಕ್ತಿ ಇದರ ಹತ್ತಿರಕ್ಕೂ ಬರಲ್ಲ. ಸೇತುವೆ, ರಸ್ತೆ, ಕಾಲುವೆ ಎಲ್ಲಕ್ಕೂ ಶಾಸನ ಹಾಕಿಸಿಕೊಂಡ ಜನ ಈ ಕಲ್ಲುಗಳ ಬಗ್ಗೆ ಒಂದು ಸಾಲೂ ಬರೆದಿಲ್ಲ. ಗೋಡೆಯನ್ನು ನೋಡಿ, ಕೆಳಗೆ ದೈತ್ಯ ಕಲ್ಲು, ಮೇಲೆ ಹೋದಂತೆ ಸಣ್ಣ ಕಲ್ಲು. ಮೊದಲೇ ಇದ್ದ ಕಟ್ಟೆಯ ಮೇಲೆ ರೋಮನ್ನರು ಬಂದು ತಮ್ಮ ಗುಡಿ ಕಟ್ಟಿಕೊಂಡರು ಅನ್ನೋದು ನನಗೆ ಸಹಜವಾಗಿ ಕಾಣುತ್ತೆ. ಆ ದಿಬ್ಬದಲ್ಲಿ ರೋಮನ್ನರಿಗಿಂತ ಸಾವಿರಾರು ವರ್ಷ ಹಿಂದೆ ಜನವಸತಿ ಇತ್ತು ಅಂತ ಉತ್ಖನನದವರೇ ಒಪ್ಪಿದ್ದಾರಲ್ಲ?

ಧಾರವಾಡದ ಓದುಗಿ

ಕಾಲಗರ್ಭ ಅವರೇ, ದಿಬ್ಬದಾಗ ಹಳೇ ವಸತಿ ಇತ್ತು ಅನ್ನೋದು ಖರೇನೇ ಅದ. ದೊಡ್ಡ ಅಂಗಳದ ಕೆಳಗ ನವಶಿಲಾಯುಗದ ತನಕ ಪದರ ಸಿಕ್ಕಾವ. ಆದ್ರ ಊರು ಹಳೇದು ಅಂದ ಮಾತ್ರಕ್ಕ ಈ ಗೋಡಿ ಹಳೇದು ಆಗಂಗಿಲ್ಲ. ಗೋಡಿಗೆ ಅದರದ್ದೇ ಸಾಕ್ಷಿ ಬೇಕು, ಆ ಸಾಕ್ಷಿ ಐತಿ. ಇನ್ನ ಮುಂದ ಬರವಣಿಗೆ ಕನ್ನಡದಾಗ ಬರೀತೀನಿ, ಎಲ್ಲರಿಗೂ ಅನುಕೂಲ.

ಮೊದಲನೆಯದು, ತಳಪಾಯ. ಜರ್ಮನಿಯ ಪುರಾತತ್ವ ಸಂಸ್ಥೆಯ ಪರವಾಗಿ ಜುಪಿಟರ್ ದೇವಾಲಯವನ್ನು ಅಳೆದು ಅಧ್ಯಯನ ಮಾಡಿದ ವಾಸ್ತುತಜ್ಞ ಡ್ಯಾನಿಯೆಲ್ ಲೋಮನ್ ಅವರ ಕೆಲಸ ನೋಡಿ. ಈ ದೈತ್ಯ ಗೋಡೆಯ ತಳದಲ್ಲಿ ಜುಪಿಟರ್ ದೇವಾಲಯದ ಕಂಬದ ಅಳತೆಯದೇ ಒಂದು ಕಂಬದ ತುಂಡು ತುಂಬುಗಲ್ಲಾಗಿ ಸೇರಿದೆ. ಅಂದರೆ ಮೇಲೆ ಕಂಬಗಳನ್ನು ಕಡೆಯುವ ಕೆಲಸ ಆಗಲೇ ನಡೆದಿತ್ತು, ಕೆಟ್ಟುಹೋದ ತುಂಡನ್ನು ತಂದು ಕೆಳಗೆ ತುಂಬಿದ್ದಾರೆ. ಗೋಡೆ ಸಾವಿರಾರು ವರ್ಷ ಮೊದಲೇ ಇದ್ದಿದ್ದರೆ ಅದರ ಅಡಿಗೆ ರೋಮನ್ ಕಂಬದ ತುಂಡು ಹೋಗುವುದಕ್ಕೆ ದಾರಿ ಇಲ್ಲ.

ಎರಡನೆಯದು ನನಗೆ ಇನ್ನೂ ಇಷ್ಟವಾದದ್ದು. 1960ರ ದಶಕದ ಕೊನೆಗೆ ಅಲ್ಲಿ ಜೀರ್ಣೋದ್ಧಾರದ ಹೊಣೆ ಹೊತ್ತಿದ್ದ ಇಂಜಿನಿಯರ್ ಹಾರೂಟ್ಯೂನ್ ಕಲಾಯನ್ ಅವರು ಟ್ರಿಲಿಥಾನ್ ಕಲ್ಲಿನ ನೆತ್ತಿಯ ಮೇಲೆ ಗೀಚಿದ ಗೆರೆಗಳನ್ನು ಪತ್ತೆ ಮಾಡಿದರು. ಅದು ಜುಪಿಟರ್ ದೇವಾಲಯದ ಮುಂಭಾಗದ ತ್ರಿಕೋನ ಶಿಖರದ ಅರ್ಧ ಭಾಗ, ಪೂರ್ಣ ಅಳತೆಯಲ್ಲಿ ಬಿಡಿಸಿದ ನಕ್ಷೆ. ಆ ಚಿತ್ರದ ಒಂದು ಭಾಗ ಮೇಲಿನ ಸಾಲಿನ ಕಲ್ಲುಗಳ ಅಡಿಗೆ ಹೋಗಿದೆ. ಇದರ ಅರ್ಥ ಬಹಳ ನೇರ. ಈ ಕಲ್ಲು ಕೂತ ಮೇಲೆ, ಮುಂದಿನ ಸಾಲು ಇಡುವ ಮೊದಲು, ಅದರ ಸಮತಟ್ಟಾದ ಮೈಯನ್ನು ಶಿಲ್ಪಿಗಳು ನಕ್ಷೆ ಹಲಗೆಯಾಗಿ ಬಳಸಿಕೊಂಡರು. ಕೆಲಸ ಮುಗಿದ ಮೇಲೆ ಅದರ ಮೇಲೇ ಕಲ್ಲು ಇಟ್ಟರು.

ಕಾಲ ನಿರ್ಣಯಕ್ಕೆ ಇನ್ನೊಂದು ಎಳೆ ಇದೆ. ಒಂದು ಕಂಬದ ತುದಿಯ ಕಲ್ಲಿನ ಮೇಲೆ ಕೆಲಸಗಾರರು ಗೀಚಿದ ಬರಹದಲ್ಲಿ ಕ್ರಿ.ಶ. 60ಕ್ಕೆ ಹೊಂದುವ ತಾರೀಖು ಸಿಕ್ಕಿದೆ. ದೇವಾಲಯದ ಕೆಲಸ ಕ್ರಿ.ಪೂ. 1ನೇ ಶತಮಾನದ ಕೊನೆಯ ಭಾಗದಲ್ಲಿ ಶುರುವಾಗಿ, ಆ ಹೊತ್ತಿಗೆ ಕಂಬಗಳ ತುದಿಗೆ ಬಂದಿತ್ತು.

ಮೇಲೆ ಸಣ್ಣ ಕಲ್ಲು ಯಾಕೆ ಅಂದರೆ, ಆ ಜಾಗವನ್ನು ಮುಂದೆ ಅರಬರು ಕೋಟೆಯಾಗಿ ಮಾಡಿಕೊಂಡರು. ಬಿದ್ದ ಕಲ್ಲುಗಳನ್ನೇ ಆಯ್ದು ಗೋಡೆ ಏರಿಸಿದರು. ಫೋಟೊಗಳಲ್ಲಿ ಟ್ರಿಲಿಥಾನ್ ಮೇಲೆ ಕಾಣುವ ಚಿಕ್ಕ ಕಲ್ಲಿನ ಕಟ್ಟಡ ಬಹುಪಾಲು ಆ ಕಾಲದ್ದು.

ಸೈಟ್ ಇಂಜಿನಿಯರ್, ದಾವಣಗೆರೆ

ಭಾರದ ಲೆಕ್ಕವನ್ನು ಒಮ್ಮೆ ಕೂತು ಹಾಕೋಣ.

19 x 4.3 x 3.6 ಅಂದರೆ ಸುಮಾರು 294 ಘನಮೀಟರ್. ಸುಣ್ಣಕಲ್ಲಿಗೆ ಘನಮೀಟರಿಗೆ 2.6 ಟನ್ ಹಿಡಿದರೆ 765 ಟನ್. 800 ಅನ್ನೋದು ಸರಿಯಾದ ಅಂದಾಜೇ. ಈಗ ಅದು ನೆಲದ ಮೇಲೆ ಎಷ್ಟು ಒತ್ತುತ್ತೆ ನೋಡಿ. ತಳದ ವಿಸ್ತೀರ್ಣ 68 ಚದರ ಮೀಟರ್. ಚದರ ಮೀಟರಿಗೆ 11 ಟನ್ ಚಿಲ್ಲರೆ ಬರುತ್ತೆ. ಗಟ್ಟಿ ಮಣ್ಣಿನ ಮೇಲೆ ಕಟ್ಟಡದ ಬುನಾದಿಗೆ ನಾವು 15ರಿಂದ 20 ಟನ್ ಭಾರ ಹೊರುತ್ತೆ ಅಂತ ಹಿಡೀತೀವಿ. ಹಾಗಾಗಿ 800 ಟನ್ ಕಲ್ಲು ನೆಲದಲ್ಲಿ ಹೂತು ಹೋಗುತ್ತೆ ಅನ್ನೋ ಮಾತು ನಿಲ್ಲಲ್ಲ. ಕೆಳಗೆ ಉರುಳೆ ಕೊಟ್ಟರೆ ಭಾರ ಗೆರೆಗಳ ಮೇಲೆ ಬೀಳುತ್ತೆ ನಿಜ, ಅದಕ್ಕೆ ಕಲ್ಲು ಹಾಸಿ ಗಟ್ಟಿ ಮರದ ದಿಮ್ಮಿಗಳ ಹಾದಿ ಬೇಕು.

ಎಳೆಯೋ ಬಲ ಎಷ್ಟು? ಎಣ್ಣೆ ಕೊಬ್ಬು ಹಚ್ಚಿದ ಮರದ ಮೇಲೆ ಜಾರಿಸಿದರೆ ತೂಕದ ಐದನೇ ಒಂದು ಭಾಗ, ಅಂದರೆ 160 ಟನ್ ಹತ್ತಿರ. ಉರುಳೆ ಚೆನ್ನಾಗಿ ಕೆಲಸ ಮಾಡಿದರೆ ಇಪ್ಪತ್ತನೇ ಒಂದು ಭಾಗ, 40 ಟನ್. ಬರೀ ಹಗ್ಗ ಹಿಡಿದು ಎಳೆದರೆ ಸಾವಿರಾರು ಜನ ಬೇಕು, ಅವರು ನಿಲ್ಲೋಕೆ ಜಾಗ ಇರಲ್ಲ. ಅದಕ್ಕೇ ಕ್ಯಾಪ್‌ಸ್ಟನ್ ಇರೋದು. ನೆಲದಲ್ಲಿ ನೆಟ್ಟ ದಪ್ಪ ಕಂಬ, ಅದಕ್ಕೆ ಅಡ್ಡಕೋಲುಗಳು, ಜನ ಕೋಲು ತಳ್ಳುತ್ತಾ ಸುತ್ತ ನಡೀತಾರೆ, ಹಗ್ಗ ಕಂಬಕ್ಕೆ ಸುತ್ತಿಕೊಳ್ಳುತ್ತೆ. ಒಬ್ಬ ಮನುಷ್ಯ ಸುಸ್ತಾಗದೆ 20 ಕೆಜಿ ಬಲ ಹಾಕಬಲ್ಲ. ಕೋಲಿನ ಉದ್ದ ಕಂಬದ ದಪ್ಪದ ಅರ್ಧಕ್ಕಿಂತ ಹತ್ತು ಪಟ್ಟು ಇದ್ದರೆ ಅದು 200 ಕೆಜಿ ಆಗುತ್ತೆ. ತಿಕ್ಕಾಟದಲ್ಲಿ ಅರ್ಧ ಹೋಯ್ತು ಅನ್ನಿ, ಆದರೂ ತಲೆಗೆ 100 ಕೆಜಿ ಉಳಿಯುತ್ತೆ. 24 ಜನರ 16 ಕ್ಯಾಪ್‌ಸ್ಟನ್ ಇಟ್ಟರೆ 38 ಟನ್. ಹಗ್ಗವನ್ನು ರಾಟೆಗಳ ಮೂಲಕ ಹಾಯಿಸಿದರೆ ಅದರ ಎರಡು ಮೂರು ಪಟ್ಟು. ಫ್ರಾನ್ಸಿನ ವಾಸ್ತುತಜ್ಞ ಜಾನ್ ಪಿಯರ್ ಆಡಮ್ 1977ರಲ್ಲೇ ಬಾಲ್‌ಬೆಕ್ ಕಲ್ಲುಗಳಿಗೆ ಇದೇ ದಾರಿಯಲ್ಲಿ ಲೆಕ್ಕ ಹಾಕಿ, ಕ್ಯಾಪ್‌ಸ್ಟನ್ ಮತ್ತು ರಾಟೆ ಇದ್ದರೆ 500ರ ಆಸುಪಾಸಿನ ಜನ ಸಾಕು ಅಂತ ತೋರಿಸಿದ್ದಾರೆ.

ಇನ್ನೊಂದು ಮುಖ್ಯ ವಿಷಯ. ಗಣಿಯ ನೆಲ ಟ್ರಿಲಿಥಾನ್ ಕೂತ ಮಟ್ಟಕ್ಕಿಂತ ಸ್ವಲ್ಪ ಮೇಲೇ ಇದೆ. ಗೋಡೆಯ ಹತ್ತಿರ ಮಣ್ಣು ತುಂಬಿ ಹಾದಿಯನ್ನು ಅದೇ ಮಟ್ಟಕ್ಕೆ ತಂದರೆ ಕಲ್ಲನ್ನು ಎತ್ತುವ ಪ್ರಶ್ನೆಯೇ ಬರಲ್ಲ, ಎಳೆದು ತಂದು ಸರಿಸಿ ಕೂರಿಸೋದು. ಆದ್ದರಿಂದ ರೋಮನ್ ಕ್ರೇನಿನ ಶಕ್ತಿ ಸಾಲದು ಅನ್ನೋದು ಈ ಮೂರು ಕಲ್ಲಿಗೆ ಸಂಬಂಧವೇ ಇಲ್ಲದ ವಾದ. ಅವರ ಎತ್ತುವ ಶಕ್ತಿ ನೋಡಬೇಕಾದರೆ ತಲೆ ಎತ್ತಿ ಕಂಬಗಳ ಮೇಲೆ ನೋಡಿ. ಅಲ್ಲಿನ ತೊಲೆಗಲ್ಲುಗಳು 60 ಟನ್ ವರೆಗೆ ಇವೆ, ಮೂಲೆಯ ಒಂದು ಕಲ್ಲು 100 ಟನ್ನಿಗೂ ಮೇಲೆ. ಅವನ್ನು 19 ಮೀಟರ್ ಎತ್ತರಕ್ಕೆ ಏರಿಸಿದ್ದಾರೆ. ನನಗೆ ಕೇಳಿದರೆ ಟ್ರಿಲಿಥಾನ್‌ಗಿಂತ ಇದು ಕಷ್ಟದ ಕೆಲಸ. ಇದರ ಬಗ್ಗೆ ಯಾರೂ ವಿಡಿಯೊ ಮಾಡಲ್ಲ.

ಶಿವಾರಪಟ್ಟಣದ ಉಳಿ

ನಮಸ್ಕಾರ. ನಮ್ಮದು ಮಾಲೂರು ತಾಲ್ಲೂಕು ಶಿವಾರಪಟ್ಟಣ, ತಲೆತಲಾಂತರದಿಂದ ಕಲ್ಲಿನ ಕೆಲಸ. ನಾನು ಕಲ್ಲು ಬಿಡಿಸೋ ಬಗ್ಗೆ ಎರಡು ಮಾತು ಹೇಳ್ತೀನಿ. ಎಲ್ಲರೂ ಸಾಗಿಸೋದನ್ನೇ ಮಾತಾಡ್ತಾ ಇದ್ದೀರಿ, ಕಲ್ಲು ಬಂಡೆಯಿಂದ ಬಿಡಿಸಿಕೊಂಡು ಬರೋದೇ ಅರ್ಧ ಕೆಲಸ.

ನಮ್ಮ ಕಡೆದು ಕಣಶಿಲೆ, ಗ್ರಾನೈಟು. ಅದರಲ್ಲಿ ಸಾಲಾಗಿ ಕುಳಿ ಹೊಡೆದು, ಬೆಣೆ ಇಟ್ಟು, ಒಂದಾದ ಮೇಲೊಂದಕ್ಕೆ ಸುತ್ತಿಗೇಲಿ ಸಮನಾಗಿ ಬಿಟ್ಟುಕೊಂಡು ಹೋದರೆ ಬಂಡೆ ಗೆರೆ ಹಿಡಿದು ಸೀಳುತ್ತೆ. ಬಿಡೋ ಮುಂಚೆ ಏಟಿನ ಸದ್ದು ಬದಲಾಗುತ್ತೆ, ಅದು ಕಿವಿಗೆ ಗೊತ್ತಾಗಬೇಕು. ಹಂಪೆಗೆ ಹೋದವರು ಬಂಡೆಗಳ ಮೇಲೆ ಆ ಕುಳಿಗಳ ಸಾಲು ನೋಡಿರ್ತೀರಿ. ಬೆಂಗಳೂರಿನ ಸುತ್ತ ಇನ್ನೊಂದು ಪದ್ಧತಿ ಇತ್ತು, ಬಂಡೆ ಮೇಲೆ ಸೌದೆ ಉರಿ ಹಾಕಿ, ಉರೀನ ನಿಧಾನಕ್ಕೆ ಮುಂದಕ್ಕೆ ಸರಿಸ್ತಾ ಹೋದರೆ ಹಾಸುಗಲ್ಲು ಏಳುತ್ತೆ.

ಬಾಲ್‌ಬೆಕ್‌ನದು ಸುಣ್ಣಕಲ್ಲು. ಅದು ನಮ್ಮ ಕಲ್ಲಿಗಿಂತ ಎಷ್ಟೋ ಮೆತ್ತಗೆ, ಪಿಕಾಸಿಗೆ ಸಿಗುತ್ತೆ. ಆ ಗಣಿಯ ಫೋಟೊಗಳನ್ನು ದೊಡ್ಡದು ಮಾಡಿ ನೋಡಿದೀನಿ. ಬಂಡೆ ಸುತ್ತ ಆಳು ನಿಂತು ಪಿಕಾಸಿ ಬೀಸೋಷ್ಟು ಅಗಲಕ್ಕೆ ಕಾಲುವೆ ತೋಡಿದ್ದಾರೆ. ಪಕ್ಕದ ಗೋಡೇಲಿ ಓರೆ ಓರೆಯಾಗಿ ಏಟಿನ ಗೆರೆ ಹಾಗೇ ಉಳಿದಿದೆ. ಅಂಥ ಗೆರೆ ಕಂಡ ಮೇಲೆ ನನಗೆ ಬೇರೆ ಸಾಕ್ಷಿ ಬೇಡ. ಬಲಗೈ ಆಳು ಯಾವುದು, ಎಡಗೈ ಆಳು ಯಾವುದು ಅಂತ ನಮ್ಮ ಹಿರಿಯರು ಗೆರೆ ನೋಡಿ ಹೇಳ್ತಾ ಇದ್ದರು. ಗರ್ಭಿಣಿಯ ಕಲ್ಲಿನ ತಳ ಇನ್ನೂ ಬಂಡೆಗೆ ಅಂಟಿಕೊಂಡೇ ಇದೆ. ಮೈಯೆಲ್ಲಾ ಚೌಕ ಮಾಡಿ ಕೊನೇಗೆ ತಳ ಬಿಡಿಸೋದು ಎಲ್ಲಾ ಕಡೆ ಇರೋ ಕ್ರಮ. ತಳ ಬಿಡಿಸುವಾಗಲೇ ಪ್ರಾಣಾಪಾಯ, ಸ್ವಲ್ಪ ಸ್ವಲ್ಪ ಕೊರೆದು, ಆಸರೆ ಕೊಟ್ಟು, ಮತ್ತೆ ಕೊರೀಬೇಕು.

ಇಂಥ ಕೆಲಸಾನ ಯಾರೋ ಆಕಾಶದಿಂದ ಬಂದೋರು ಮಾಡಿದರು ಅಂದಾಗ ನನಗೆ ಹೊಟ್ಟೆಗೆ ಸಂಕಟ ಆಗುತ್ತೆ. ಕೈ ಬೊಬ್ಬೆ ಎದ್ದದ್ದು ಮನುಷ್ಯರಿಗೆ.

ಕಾರ್ಕಳ ಪೇಟೆ

ಉಳಿ ಅಣ್ಣ, ನಿಮ್ಮ ಮಾತು ಓದಿ ಖುಷಿಯಾಯ್ತು ಮಾರಾಯ್ರೆ. ನಮ್ಮೂರಿನ ಎರಡು ವಿಷಯ ಇಲ್ಲಿ ಸೇರಿಸ್ತೇನೆ, ಯಾಕಂದ್ರೆ ಶ್ರವಣಬೆಳಗೊಳವನ್ನೂ ಕಾರ್ಕಳವನ್ನೂ ಜನ ಒಂದೇ ಅಂತ ತಿಳ್ಕೊಳ್ತಾರೆ. ಬೆಳಗೊಳದ ಗೊಮ್ಮಟನನ್ನು ಬೆಟ್ಟದ ತುದಿಯ ಬಂಡೆಯಲ್ಲೇ, ಅದು ಇದ್ದಲ್ಲೇ ಕಡೆದದ್ದು. ಸಾಗಾಟದ ತಾಪತ್ರಯ ಇಲ್ಲ. ಕಾರ್ಕಳದ್ದು ಹಾಗಲ್ಲ. 1432ರಲ್ಲಿ ವೀರಪಾಂಡ್ಯ ನಿಲ್ಲಿಸಿದ 42 ಅಡಿಯ ಮೂರ್ತಿ, ಅದನ್ನು ಬೇರೆ ಕಡೆ ಕಡೆದು ಗುಡ್ಡಕ್ಕೆ ಏರಿಸಿದ್ದು. ಗಾಲಿಗಳ ಬಂಡಿಯ ಮೇಲೆ ಮಲಗಿಸಿ ಜನ ಎಳೆದು ಮೇಲಕ್ಕೆ ತಂದರು ಅಂತ ಕವಿ ಚಂದ್ರಮನ ಕಾವ್ಯದಲ್ಲಿ ವರ್ಣನೆ ಉಂಟು. ತೂಕ 80 ಟನ್ ಅಂತ ಅಂದಾಜು. ಆ ಗುಡ್ಡ ಹತ್ತಿದವರಿಗೆ ಗೊತ್ತು ಅದು ಎಂಥ ನುಣುಪು ಬಂಡೆ, ಎಷ್ಟು ಕಡಿದು ಅಂತ.

ಧರ್ಮಸ್ಥಳದ ಬಾಹುಬಲಿಯನ್ನು ಕಡೆದದ್ದೂ ಕಾರ್ಕಳದಲ್ಲೇ, ರೆಂಜಾಳ ಗೋಪಾಲ ಶೆಣೈಯವರು. 39 ಅಡಿಯ ಆ ಮೂರ್ತಿಯನ್ನು 1970ರ ದಶಕದಲ್ಲಿ ಹಲವು ಗಾಲಿಗಳ ಟ್ರಾಲಿ ಮೇಲೆ ಧರ್ಮಸ್ಥಳಕ್ಕೆ ಸಾಗಿಸಿದರು, ಪ್ರತಿಷ್ಠೆ ಆದದ್ದು 1982ರಲ್ಲಿ. ಅದು ಹೋದ ದಾರಿಯಲ್ಲಿ ಜನ ನಿಂತು ನೋಡಿದ್ದನ್ನು ನಮ್ಮ ಮನೆಯ ಹಿರಿಯರು ಇವತ್ತಿಗೂ ಹೇಳ್ತಾರೆ.

ಮತ್ತೆ ಇಂಜಿನಿಯರ್ ಸರ್ ಹೇಳಿದ ಕ್ಯಾಪ್‌ಸ್ಟನ್ ಸತ್ತು ಹೋದ ವಿದ್ಯೆ ಅಲ್ಲ. ಕೇರಳದ ಬೇಪೂರಿನಲ್ಲಿ ಖಲಾಸಿಗಳು ಅಂತ ಇದ್ದಾರೆ. ಮರದ ದೊಡ್ಡ ಹಡಗುಗಳನ್ನು ನೀರಿಗೆ ಇಳಿಸುವುದು ಇದೇ ರೀತಿ, ದಿಮ್ಮಿ, ಹಗ್ಗ, ರಾಟೆ, ಮತ್ತೆ ಒಟ್ಟಿಗೆ ಹಾಕುವ ಹಾಡಿನ ಸ್ವರ. 1988ರಲ್ಲಿ ಪೆರುಮಣ್ಣಿನಲ್ಲಿ ರೈಲು ಸರೋವರಕ್ಕೆ ಬಿದ್ದಾಗ ಬೋಗಿಗಳನ್ನು ಎತ್ತಲಿಕ್ಕೆ ಇವರನ್ನೇ ಕರೆಸಿದ್ದು.

ಈಜಿಪುರ ನಿವಾಸಿ

ಆಧುನಿಕ ಯಂತ್ರ ಇದ್ದೂ ಎಷ್ಟು ಕಷ್ಟ ಅಂತ ನಮ್ಮ ಏರಿಯಾದವರಿಗೆ ಗೊತ್ತು. ಇಲ್ಲಿನ ದೇವಸ್ಥಾನಕ್ಕೆ ತಮಿಳುನಾಡಿನ ತಿರುವಣ್ಣಾಮಲೈ ಜಿಲ್ಲೆಯಿಂದ ಕೋದಂಡರಾಮಸ್ವಾಮಿಯ ದೊಡ್ಡ ಕಲ್ಲನ್ನು ತಂದರಲ್ಲ, 240 ಚಕ್ರದ ಟ್ರೇಲರ್, 300 ಟನ್ನಿಗೂ ಮೇಲೆ. 2018ರ ಡಿಸೆಂಬರಿನಲ್ಲಿ ಹೊರಟದ್ದು ಇಲ್ಲಿಗೆ ಮುಟ್ಟಿದ್ದು 2019ರ ಜೂನ್ ಹೊತ್ತಿಗೆ. ಟೈರು ಒಡೆದವು, ಕೆಲವು ಕಡೆ ಮನೆ ಅಂಗಡಿಗಳ ಮುಂಭಾಗ ತೆಗೆಯಬೇಕಾಯಿತು. ಈಗಿನ ಕಾಲದಲ್ಲೇ ಹೀಗಾದರೆ 800 ಟನ್ನನ್ನು ಎರಡು ಸಾವಿರ ವರ್ಷದ ಹಿಂದೆ ಕೈಯಲ್ಲಿ ಎಳೆದರು ಅನ್ನೋದು ನನಗೂ ಅರಗಿಸಿಕೊಳ್ಳಲು ಕಷ್ಟ. ಕಾಲಗರ್ಭ ಅವರ ಅನುಮಾನ ನನಗೆ ಅರ್ಥವಾಗುತ್ತೆ.

ಸೈಟ್ ಇಂಜಿನಿಯರ್, ದಾವಣಗೆರೆ

ಈಜಿಪುರದವರೇ, ಬಹಳ ಒಳ್ಳೆಯ ಉದಾಹರಣೆ ಕೊಟ್ಟಿರಿ. ಆ ಪ್ರಯಾಣ ಅರ್ಧ ವರ್ಷ ಹಿಡಿಯಲು ಕಾರಣ ಏನು ನೋಡಿ. ಹೆದ್ದಾರಿಯ ಅಗಲ, ತಿರುವು, ಇಕ್ಕಟ್ಟಾದ ಊರುಗಳು, ಅನುಮತಿಗಳು. ಸೇತುವೆ ಭಾರ ತಾಳಲ್ಲ ಅಂತ ಹೊಳೆಯಲ್ಲಿ ಮಣ್ಣಿನ ದಾರಿ ಮಾಡಿಕೊಂಡರು. ಬೇರೆಯವರು ಬೇರೆ ಕೆಲಸಕ್ಕೆ ಮಾಡಿದ ರಸ್ತೆಯಲ್ಲಿ ನೂರಾರು ಕಿಲೋಮೀಟರ್ ಹೋಗೋದಕ್ಕೂ, ಒಂದು ಕಿಲೋಮೀಟರ್ ಒಳಗಿನ ದೂರಕ್ಕೆ ಈ ಕಲ್ಲಿಗೆಂದೇ ಹಾದಿ ಹಾಕಿ, ಅವಸರ ಇಲ್ಲದೆ ಎಳೆಯೋದಕ್ಕೂ ಅಜಗಜಾಂತರ. ದಿನಕ್ಕೆ ಹತ್ತು ಮೀಟರ್ ಸಾಗಿದರೂ ಮೂರು ತಿಂಗಳಲ್ಲಿ ಒಂದು ಕಲ್ಲು ಮುಟ್ಟುತ್ತೆ.

ಎಂಜಿನ್ ಇಲ್ಲದೆ ಇದಕ್ಕಿಂತ ಭಾರ ಸಾಗಿಸಿದ್ದಕ್ಕೆ ದಾಖಲೆ ಬೇಕಾದರೆ ರಷ್ಯಾ ನೋಡಿ. ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಪೀಟರ್ ದೊರೆಯ ಕುದುರೆ ಪ್ರತಿಮೆ ನಿಂತಿರುವ ಬಂಡೆ, ಸಿಡಿಲಬಂಡೆ ಅಂತ ಹೆಸರು, ಸಾಗಿಸುವಾಗ ಸುಮಾರು 1,250 ಟನ್ ಇತ್ತು. 1769-70ರಲ್ಲಿ ಅದನ್ನು ಕಾಡಿನಿಂದ ಸಮುದ್ರ ತೀರಕ್ಕೆ 6 ಕಿಲೋಮೀಟರ್ ಎಳೆದರು. 400 ಜನ, ಕ್ಯಾಪ್‌ಸ್ಟನ್, ಲೋಹ ಹೊದಿಸಿದ ತೋಡುಗಳಲ್ಲಿ ಉರುಳುವ ಕಂಚಿನ ಗುಂಡುಗಳು. ನೆಲ ಹೆಪ್ಪುಗಟ್ಟುವ ಚಳಿಗಾಲ ಕಾದು ಕೆಲಸ ಮಾಡಿದರು. ಎತ್ತು ಕುದುರೆ ಯಾವುದೂ ಇಲ್ಲ, ಉಗಿಯಂತ್ರ ಇಲ್ಲ. ಅದರ ಚಿತ್ರಗಳು, ಲೆಕ್ಕಪತ್ರ ಎಲ್ಲಾ ಇವೆ. ಬಾಲ್‌ಬೆಕ್ ಕಲ್ಲಿಗಿಂತ ಒಂದೂವರೆ ಪಟ್ಟು ಭಾರ, ಆರೇಳು ಪಟ್ಟು ದೂರ. ಅದರ ಹಿಂದೆ 1586ರಲ್ಲಿ ರೋಮಿನಲ್ಲಿ ಡೊಮೆನಿಕೊ ಫೊಂಟಾನಾ 300 ಟನ್ನಿಗೂ ಮೇಲ್ಪಟ್ಟ ಈಜಿಪ್ಟಿನ ಕಂಬವನ್ನು 900 ಜನ, 40ಕ್ಕೂ ಹೆಚ್ಚು ಕ್ಯಾಪ್‌ಸ್ಟನ್ ಇಟ್ಟುಕೊಂಡು ಇಳಿಸಿ, ಸಾಗಿಸಿ, ಮತ್ತೆ ನಿಲ್ಲಿಸಿದ. ರೋಮನ್ನರ ಕಾಲದಲ್ಲಿ ಇದ್ದ ಸಲಕರಣೆಗಿಂತ ಅವನ ಸಲಕರಣೆ ತೀರಾ ಬೇರೆಯೇನೂ ಅಲ್ಲ.

ಕಾಲಗರ್ಭ

ಸಿಡಿಲಬಂಡೆಯ ವಿಚಾರ ತೂಕದ್ದು, ಒಪ್ಪಿದೆ. ಟ್ರಿಲಿಥಾನ್ ನೆತ್ತಿಯ ನಕ್ಷೆಯೂ ನನ್ನನ್ನು ಯೋಚನೆಗೆ ಹಚ್ಚಿದೆ. ಆದರೆ ನನ್ನ ಮುಖ್ಯ ಪ್ರಶ್ನೆ ಇನ್ನೂ ಹಾಗೇ ಇದೆ. ಯಾಕೆ? 800 ಟನ್ನಿನ ಒಂದು ಕಲ್ಲಿನ ಬದಲು 20 ಟನ್ನಿನ ನಲವತ್ತು ಕಲ್ಲು ಇಟ್ಟಿದ್ದರೆ ಗೋಡೆ ಅಷ್ಟೇ ಗಟ್ಟಿ ಆಗ್ತಿತ್ತು. ಗಣಿಯಲ್ಲಿ 1,000 ಟನ್ನಿನದು ಮಾತ್ರ ಅಲ್ಲ, ಅದಕ್ಕಿಂತ ದೊಡ್ಡವೂ ಇವೆ. ಇಷ್ಟು ದೊಡ್ಡದು ಬೇಕು ಅಂತ ಅವರಿಗೆ ಅನ್ನಿಸಿದ್ದೇಕೆ, ಮತ್ತೆ ಅರ್ಧಕ್ಕೆ ಬಿಟ್ಟಿದ್ದೇಕೆ? ಮತ್ತೆ ಆ ಮೌನ. ಯಾರೂ ಬರೆದಿಲ್ಲ ಅನ್ನೋದಕ್ಕೆ ಉತ್ತರ ಬರಲಿಲ್ಲ.

ಧಾರವಾಡದ ಓದುಗಿ

ಈ ಎಳೆಯಲ್ಲಿ ಕೇಳಬೇಕಾದ ಪ್ರಶ್ನೆ ಇದೇ. ಯಾರು, ಹೇಗೆ ಅನ್ನುವುದಕ್ಕೆ ಕಲ್ಲೇ ಉತ್ತರ ಕೊಟ್ಟಿದೆ. ಯಾಕೆ ಅನ್ನುವುದರಲ್ಲೇ ನಿಜವಾದ ಕುತೂಹಲ ಇರುವುದು.

ಮೌನದ ವಿಷಯ ಮೊದಲು. ಹೀಲಿಯೊಪೊಲಿಸ್ ಬಗ್ಗೆ ಬರೆದವರು ಇದ್ದಾರೆ. ರೋಮನ್ ಲೇಖಕ ಮ್ಯಾಕ್ರೋಬಿಯಸ್ ಅಲ್ಲಿನ ದೇವರ ಮೂರ್ತಿಯನ್ನು ಅಡ್ಡೆಯ ಮೇಲೆ ಹೊತ್ತು ಸಾಗುವ ಪರಿ, ಯುದ್ಧಕ್ಕೆ ಹೊರಡುವ ಮುನ್ನ ಚಕ್ರವರ್ತಿ ಟ್ರಾಜನ್ ಅಲ್ಲಿ ಪ್ರಶ್ನೆ ಕೇಳಿಸಿದ್ದು ಎಲ್ಲವನ್ನೂ ಬರೆದಿದ್ದಾನೆ. ಮಲಾಲಾಸ್ ಎಂಬ ಚರಿತ್ರೆಕಾರ ಈ ದೇವಾಲಯವನ್ನು ಚಕ್ರವರ್ತಿ ಆಂಟೊನೈನಸ್ ಪಯಸ್ ಕಟ್ಟಿಸಿದ, ಅದೊಂದು ಅದ್ಭುತ ಎಂದಿದ್ದಾನೆ. ಅವರ ಗಮನ ದೇವರ ಮೇಲೆ, ರಾಜನ ಮೇಲೆ. ತಳದ ಗೋಡೆಗೆ ಕಲ್ಲು ಎಳೆದವರ ಮೇಲಲ್ಲ. ನಮ್ಮ ಶಾಸನಗಳಲ್ಲೂ ದಾನ ಕೊಟ್ಟವನ ಹೆಸರು ಹತ್ತು ಸಾಲು ಇರುತ್ತದೆ, ಬಂಡೆ ಹೊತ್ತವರದ್ದು ಎಷ್ಟು ಕಡೆ ಇದೆ ಹೇಳಿ. ಆ ಕೂಲಿಯಾಳುಗಳ ಬಗ್ಗೆ ಯಾರೂ ಬರೆಯಲಿಲ್ಲ ಅನ್ನುವುದು ನನಗೆ ನೋವಿನ ಸಂಗತಿ, ರಹಸ್ಯ ಅನ್ನಿಸುವುದಿಲ್ಲ.

ಇನ್ನು ಯಾಕೆ ಅನ್ನುವುದು. ಟ್ರಿಲಿಥಾನ್ ಒಂಟಿ ಗೋಡೆ ಅಲ್ಲ. ಮೊದಲೇ ಇದ್ದ ದೇವಾಲಯದ ಕಟ್ಟೆಯನ್ನು ಮೂರು ಕಡೆಯಿಂದ ಸುತ್ತುವರಿದು ಇನ್ನೂ ಭವ್ಯವಾದ ಜಗಲಿ ಮಾಡುವ ಯೋಜನೆಯ ಭಾಗ ಅದು. ಪಶ್ಚಿಮದಲ್ಲಿ ಮೂರು ಕಲ್ಲು ಕೂತವು, ಅದರ ಕೆಳಗಿನ ಸಾಲಿನಲ್ಲಿ ಕೆಲವು ನೂರು ಟನ್ನಿನ ಆರು ಕಲ್ಲುಗಳಿವೆ. ಉಳಿದ ಬದಿಗಳಲ್ಲಿ ಆ ಮಟ್ಟಕ್ಕೆ ಕೆಲಸ ಮುಟ್ಟಲೇ ಇಲ್ಲ. ಗಣಿಯಲ್ಲಿರುವ ಕಲ್ಲುಗಳು ಆ ಮುಂದಿನ ಕೆಲಸಕ್ಕೆ ಸಿದ್ಧವಾಗುತ್ತಿದ್ದವು. ಇದನ್ನು ಜೆರುಸಲೇಮಿನ ಜೊತೆ ಇಟ್ಟು ನೋಡಬೇಕು. ಅದೇ ಕಾಲದ ಸುಮಾರಿಗೆ ಹೆರೋದ್ ದೊರೆ ಅಲ್ಲಿನ ದೇವಾಲಯದ ಸುತ್ತ ಕಟ್ಟಿಸಿದ ಗೋಡೆಯಲ್ಲಿ 13.6 ಮೀಟರ್ ಉದ್ದದ ಒಂದು ಕಲ್ಲು ಇದೆ. ಅಂದರೆ ಆ ಪ್ರದೇಶದಲ್ಲಿ ದೊಡ್ಡ ದೇವರಿಗೆ ದೊಡ್ಡ ಕಲ್ಲು ಅನ್ನುವ ಹಂಬಲ, ಆ ಕೈಚಳಕ ಎರಡೂ ಇದ್ದವು. ರೋಮ್ ನಗರದ ಗುಡಿಗಳಲ್ಲಿ ಇದು ಕಾಣದು. ಕಾಲಗರ್ಭ ಅವರು ಬೇರೆಲ್ಲೂ ಇಲ್ಲ ಎಂದರಲ್ಲ, ಇದು ಸಿರಿಯಾ ಸೀಮೆಯ ಸ್ಥಳೀಯ ಪರಂಪರೆ, ರೋಮಿನ ದುಡ್ಡಿನಲ್ಲಿ ಇನ್ನೂ ಬೆಳೆಯಿತು ಎಂದು ನಾನು ಓದಿಕೊಂಡಿದ್ದೇನೆ.

2014ರಲ್ಲಿ ಅದೇ ಗಣಿಯಲ್ಲಿ ಇನ್ನೊಂದು ಕಲ್ಲು ಸಿಕ್ಕಿತು. ಜರ್ಮನ್ ಸಂಸ್ಥೆ ಮತ್ತು ಲೆಬನಾನಿನ ವಿಶ್ವವಿದ್ಯಾಲಯದ ಜನೀನ್ ಅಬ್ದುಲ್ ಮಸೀಹ್ ಅವರ ತಂಡ ಗರ್ಭಿಣಿಯ ಕಲ್ಲಿನ ಪಕ್ಕದಲ್ಲಿ ಅಗೆದಾಗ ಅದರ ಮಗ್ಗುಲಲ್ಲೇ, ಇನ್ನೂ ಕೆಳಗೆ ಕಂಡದ್ದು. 19.6 ಮೀಟರ್ ಉದ್ದ, 6 ಮೀಟರ್ ಅಗಲ, 5.5 ಮೀಟರಿಗೂ ಹೆಚ್ಚು ಎತ್ತರ, ಅಂದಾಜು 1,650 ಟನ್. ಮನುಷ್ಯ ಕಡೆದ ಅತಿ ದೊಡ್ಡ ಚೌಕಗಲ್ಲುಗಳಲ್ಲಿ ಅದು ಮೊದಲ ಸಾಲಿನದು.

ಶಿವಾರಪಟ್ಟಣದ ಉಳಿ

ಬಿಟ್ಟು ಹೋದದ್ದಕ್ಕೆ ನನ್ನ ಮನಸ್ಸಿಗೆ ಹೊಳೆಯೋ ಕಾರಣ ಕಲ್ಲಿನ ದೋಷ. ಗರ್ಭಿಣಿಯ ಕಲ್ಲಿನ ಒಂದು ಅಂಚಲ್ಲಿ ಕಲ್ಲು ಚೆನ್ನಾಗಿಲ್ಲ, ಸಾಗಿಸುವಾಗ ಒಡೀತಿತ್ತು ಅಂತ ಆ ತಂಡದವರೇ ಹೇಳಿದ್ದನ್ನು ಓದಿದೀನಿ. ಇದು ನಮ್ಮಲ್ಲೂ ಆಗುತ್ತೆ. ಮೂರ್ತಿಗೆ ಅಂತ ಕಲ್ಲು ಆರಿಸಿ, ಮೈ ಬಿಡಿಸಿ, ಮುಖದ ಹತ್ತಿರ ಬಂದಾಗ ಒಳಗೆ ನರ ಕಾಣುತ್ತೆ. ಅಲ್ಲಿಗೆ ಆ ಕಲ್ಲು ಮುಗೀತು. ಪೂಜೆಗೆ ಸಲ್ಲಲ್ಲ. ಈಜಿಪ್ಟಿನ ಅಸ್ವಾನ್‌ನಲ್ಲಿ 42 ಮೀಟರ್ ಉದ್ದದ ಕಂಬವನ್ನು ಹಾಗೇ ಗಣೀಲಿ ಬಿಟ್ಟಿದ್ದಾರಲ್ಲ, ಅದೂ 1,000 ಟನ್ನಿಗೆ ಮೇಲೆ, ಸೀಳು ಬಿಟ್ಟಿತು ಅಂತ ಬಿಟ್ಟದ್ದು.

ಇನ್ನು ಒಂದೇ ಕಲ್ಲು ಯಾಕೆ ಅಂದರೆ, ದೊಡ್ಡ ಕಲ್ಲಿಗೆ ಸಂದು ಕಮ್ಮಿ. ಗೋಡೆ ಹಿಂದೆ ಮಣ್ಣು ತುಂಬಿ ನೀರು ಇಳಿದು ತಳ್ಳುವಾಗ ಮೊದಲು ಬಿಡೋದು ಸಂದೇ. ಭೂಕಂಪ ಬಂದಾಗ ಆ ಕಂಬಗಳು ಬಿದ್ದವು, ಆ ಮೂರು ಕಲ್ಲು ಅಲ್ಲಾಡಲಿಲ್ಲ.

ಈಜಿಪುರ ನಿವಾಸಿ

ತಂಜಾವೂರಿನ ಬೃಹದೀಶ್ವರನ ತುದಿಯ 80 ಟನ್ನಿನ ಒಂದೇ ಕಲ್ಲಿನ ಕಥೆಯೂ ಹೀಗೇ ನಿಜವೇ?

ಧಾರವಾಡದ ಓದುಗಿ

ಅದು ಒಂದೇ ಕಲ್ಲಲ್ಲ, ಹಲವು ತುಂಡುಗಳ ಜೋಡಣೆ ಎಂದು ಹತ್ತಿರದಿಂದ ಅಧ್ಯಯನ ಮಾಡಿದವರು ಹೇಳಿದ್ದಾರೆ. ಅದಕ್ಕೆ ಬೇರೆ ಎಳೆ ಶುರು ಮಾಡೋಣ, ಇಲ್ಲಿ ಬೆರೆಸಿದರೆ ಎರಡೂ ಕೆಡುತ್ತವೆ.

ಹಂಪೆಪ್ರಿಯ

ಎಲ್ಲರಿಗೂ ಮನಸಾರೆ ಧನ್ಯವಾದ. ನಕ್ಷೆಯ ವಿಷಯ ನನಗೆ ಗೊತ್ತೇ ಇರಲಿಲ್ಲ, ಯಾವ ವಿಡಿಯೊದಲ್ಲೂ ಅದನ್ನು ತೋರಿಸಿಲ್ಲ. ಸೈನಿಕ ಸರ್, ಈಗ ಅಲ್ಲಿಗೆ ಹೋಗುವ ಪರಿಸ್ಥಿತಿ ಇದೆಯಾ? ಕಾಲಗರ್ಭ ಅವರೇ, ನಿಮಗೆ ಈಗ ಏನನ್ನಿಸ್ತಿದೆ?

ಕೊಡಗಿನ ಮಾಜಿ ಸೈನಿಕ

ಹೋಗುವ ಮುಂಚೆ ನಮ್ಮ ವಿದೇಶಾಂಗ ಇಲಾಖೆಯ ಸೂಚನೆ ನೋಡಿಕೊಳ್ಳಿ, ಅದನ್ನು ಮೀರಿ ಹೋಗಬೇಡಿ. 2024ರ ಯುದ್ಧದಲ್ಲಿ ಬಾಲ್‌ಬೆಕ್ ಊರಿನ ಮೇಲೆ ವಾಯುದಾಳಿ ಆಯಿತು. ದೇವಾಲಯದ ಆವರಣಕ್ಕೆ ತೀರಾ ಹತ್ತಿರದಲ್ಲಿದ್ದ ಆಟೊಮನ್ ಕಾಲದ ಒಂದು ಕಟ್ಟಡ ನೆಲಸಮ ಆಯಿತು. ಆ ನವೆಂಬರಿನಲ್ಲಿ ಯುನೆಸ್ಕೊ ಲೆಬನಾನಿನ 34 ತಾಣಗಳಿಗೆ ವಿಶೇಷ ರಕ್ಷಣೆ ಘೋಷಿಸಿತು, ಬಾಲ್‌ಬೆಕ್ 1984ರಿಂದಲೇ ವಿಶ್ವಪರಂಪರೆಯ ಪಟ್ಟಿಯಲ್ಲಿದೆ. ನಮಗೆ ಟೀ ಕೊಟ್ಟು ಕೂರಿಸಿದ್ದ ಆ ಊರಿನ ಜನ ಹೇಗಿದ್ದಾರೋ ಅಂತ ಸುದ್ದಿ ನೋಡುವಾಗೆಲ್ಲಾ ಕಲ್ಲಿಗಿಂತ ಮೊದಲು ಅದೇ ನೆನಪಾಗೋದು.

ಕಾಲಗರ್ಭ

ಹಂಪೆಪ್ರಿಯ ಅವರೇ, ತಳದ ಕಂಬದ ತುಂಡು ಮತ್ತು ನೆತ್ತಿಯ ನಕ್ಷೆ ಎರಡನ್ನೂ ನಾನೇ ಓದಿ ನೋಡಬೇಕು. ಅಲ್ಲಿವರೆಗೆ ರೋಮನ್ನರದ್ದೇ ಅನ್ನೋ ಕಡೆಗೆ ತೂಕ ಹೆಚ್ಚಿದೆ ಅಂತ ಒಪ್ಪಿಕೊಳ್ತೇನೆ. ಒಂದು ವಿಷಯ ಮಾತ್ರ ಇಂಜಿನಿಯರ್ ಅವರು ವಿವರಿಸಲಿ. ಎಳೆದು ತಂದಿರಿ, ಸರಿ. ಕೆಳಗಿನ ಆರು ಕಲ್ಲಿನ ಮೇಲೆ ಕೂರಿಸುವಾಗ ಉರುಳೆ, ದಿಮ್ಮಿಗಳನ್ನು ಅಡಿಯಿಂದ ತೆಗೆಯೋದು ಹೇಗೆ? ಉಗುರು ಹೋಗದಷ್ಟು ಸಂದು ಕೂಡಿಸೋದು ಹೇಗೆ?

ಸೈಟ್ ಇಂಜಿನಿಯರ್, ದಾವಣಗೆರೆ

ಸಂದಿನದು ಸುಲಭ. ಗ್ರೀಕರು, ರೋಮನ್ನರು ಕಲ್ಲಿನ ಇಡೀ ಮುಖವನ್ನು ಉಜ್ಜುತ್ತಿರಲಿಲ್ಲ. ಅಂಚಿನ ಸುತ್ತ ಪಟ್ಟಿಯಷ್ಟನ್ನು ನಯ ಮಾಡಿ, ನಡುವೆ ಸ್ವಲ್ಪ ತಗ್ಗು ಬಿಡ್ತಿದ್ದರು. ಹೊರಗಿನಿಂದ ನೋಡಿದರೆ ಕೂದಲೆಳೆಯೂ ಹೋಗದ ಹಾಗೆ ಕಾಣುತ್ತೆ.

ಇಳಿಸೋದಕ್ಕೆ ನಮ್ಮ ಸೇತುವೆ ಕೆಲಸದಲ್ಲಿ ಒಂದು ಹಳೇ ಉಪಾಯ ಇದೆ. ಭಾರವನ್ನು ಮರಳು ತುಂಬಿದ ಪೆಟ್ಟಿಗೆಗಳ ಮೇಲೆ ನಿಲ್ಲಿಸಿ, ಕೆಳಗಿನ ತೂತು ಬಿಚ್ಚಿ ಮರಳನ್ನು ನಿಧಾನ ಹರಿಯಬಿಟ್ಟರೆ ಗರ್ಡರು ಕೂದಲಿನಷ್ಟು ಕೂದಲಿನಷ್ಟು ಇಳಿಯುತ್ತೆ. ಇನ್ನೊಂದು ದಾರಿ, ಜಾರುವ ಮೇಲ್ಮೈಗೆ ಕೊಬ್ಬು ಹಚ್ಚಿ ಉರುಳೆಯಿಂದ ನೇರವಾಗಿ ಕಲ್ಲಿನ ಮೇಲೆ ಸರಿಸಿ, ಕೊನೆಯ ಕೆಲವು ಬೆರಳಿನಷ್ಟನ್ನು ಹಾರೆ ಹಾಕಿ ಮೀಟಿ ತಳ್ಳೋದು. ರೋಮನ್ ಕಟ್ಟಡಗಳಲ್ಲಿ ಕೆಳಗಿನ ಸಾಲಿನ ಮೇಲ್ಮೈಯಲ್ಲಿ ಹಾರೆಯ ತುದಿ ಊರಲು ಸಣ್ಣ ಕುಳಿ ಹೊಡೆದಿರೋದು ಸಾಮಾನ್ಯವಾಗಿ ಸಿಗುತ್ತೆ. ಸೈನಿಕ ಸರ್, ಆ ಆರು ಕಲ್ಲುಗಳ ಅಂಚಿನ ಹತ್ತಿರದ ಫೋಟೊ ನಿಮ್ಮ ಹಳೇ ಆಲ್ಬಮ್ಮಿನಲ್ಲಿ ಇದ್ದರೆ ಹಾಕಿ. ಉಳಿ ಅಣ್ಣನೂ ನೋಡಲಿ, ಕುಳಿ ಎಲ್ಲಿದೆ ಅಂತ ಅವರ ಕಣ್ಣಿಗೆ ಬೇಗ ಬೀಳುತ್ತೆ.